ಉದಗೀರದ ಅರ್ಧ ಅಂಕ

ನಮ್ಮ ಮನೆತನದಲ್ಲಿ ಪರದೇಶ ಕಂಡವರು ಯಾರೂ ಇರಲಿಲ್ಲ. ಆ ಕೊರತೆಯನ್ನು ಕಳೆದ ಚಳಿಗಾಲದಲ್ಲಿ ನಾನು ನೀಗಿಸಿದೆ. ದಾವಣಗೆರೆಯಲ್ಲಿ ರೈಲು ಹತ್ತಿ, ಕಲಬುರಗಿಯಲ್ಲಿ ಇಳಿದು, ಆಳಂದದ ಮೇಲೆ ಹಾಯುವ ಬಸ್ಸು ಹಿಡಿದು, ಒಂದು ಬೆಳಿಗ್ಗೆ ಮಹಾರಾಷ್ಟ್ರವನ್ನು ಪ್ರವೇಶಿಸಿದೆ. ಗಡಿಯಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ಚೀಲದಲ್ಲಿ ಏನಿದೆಯೆಂದು ಕೇಳಲಿಲ್ಲ. ಮೈಲಿಗಲ್ಲಿನ ಮೇಲೆ ಅಕ್ಷರ ಬದಲಾಯಿತು, ಅಷ್ಟೆ. ಆದರೂ ಪರರಾಷ್ಟ್ರಕ್ಕೆ ಹೋಗುವವನಿಗೆ ಒಂದು ಗಾಂಭೀರ್ಯ ಬೇಕಲ್ಲವೆ? ಸೀಟಿನಲ್ಲಿ ಸ್ವಲ್ಪ ನೆಟ್ಟಗೆ ಕುಳಿತೆ. ಪಕ್ಕದಲ್ಲಿದ್ದವರು ಜಾಗ ಸಿಕ್ಕಿತೆಂದು ಇನ್ನಷ್ಟು ಒತ್ತರಿಸಿಕೊಂಡರು.

ಹೋದ ಕೆಲಸ ಚದುರಂಗ. ಉದಗೀರದಲ್ಲಿ ಎರಡು ದಿನಗಳ ಪಂದ್ಯಾವಳಿಯಿತ್ತು. ನಾನು ಲೋಕಪ್ರಸಿದ್ಧ ಆಟಗಾರನೇನಲ್ಲ. ಆದರೆ ಎಲ್ಲೋ ಒಂದು ದೂರದೇಶದ ಗಣಕಯಂತ್ರದಲ್ಲಿ ನನ್ನ ಹೆಸರಿದೆ, ಅದರ ಮುಂದೆ ಹದಿನೆಂಟು ನೂರಕ್ಕೆ ಸ್ವಲ್ಪವೇ ಕಡಿಮೆಯಾದ ಒಂದು ಅಂಕಿಯಿದೆ. ಇದನ್ನು ರೇಟಿಂಗ್ ಎನ್ನುತ್ತಾರೆ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ನಮಗಿಂತ ಬಹಳ ಕೆಳಗಿನವರಿಗೆ ಸೋತರೆ ಹಗ್ಗ ಹರಿದ ಕೊಡದಂತೆ ಇಳಿಯುತ್ತದೆ. ಕಾಲೇಜಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತನಾದ ಮೇಲೆ ನನ್ನ ಬದುಕಿನಲ್ಲಿ ಏರುವಂಥದು ರಕ್ತದೊತ್ತಡವೊಂದೇ ಉಳಿದಿದ್ದರಿಂದ, ಈ ಅಂಕಿಯ ಮೇಲೆ ನನಗೆ ವಿಶೇಷ ಮಮತೆ.

ಉಮರ್ಗಾ

ಉಮರ್ಗಾ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ ಕುಳಿತ ಊರು. ಅಲ್ಲಿಯ ಮೋಟಾರ್ ಸೈಕಲ್ಲುಗಳಿಗೆ ಹಾರ್ನ್ ಇದೆ. ಬ್ರೇಕಿನ ಬಗ್ಗೆ ಖಚಿತವಾಗಿ ಹೇಳಲಾರೆ. ಪ್ರಾಣ ಉಳಿಸಿಕೊಂಡು ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿ ಸೇರಿದೆ.

ಪರದೇಶಕ್ಕೆ ಹೋಗುವವನು ಅಲ್ಲಿಯ ಭಾಷೆಯ ಗೌರವ ಕಾಯಬೇಕು ಎಂಬುದು ನನ್ನ ಸಿದ್ಧಾಂತ. ರೈಲಿನುದ್ದಕ್ಕೂ ಒಂದು ಮರಾಠಿ ವಾಕ್ಯವನ್ನು ಉರುಹೊಡೆದಿದ್ದೆ. ಅದನ್ನು ಈಗ ಕೈಮುಗಿದು ಒಪ್ಪಿಸಿದೆ: "ಮಲಾ ಏಕ ಚಹಾ ಪಾಹಿಜೆ, ಸಾಖರ ಕಮೀ."

ಅಂಗಡಿಯಾತ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಒಲೆಯ ಮುಂದಿದ್ದ ಹೆಂಡತಿಯ ಕಡೆ ತಿರುಗಿ ಕೂಗಿದ: "ಏ, ಒಂದ್ ಚಾ ಮಾಡ, ಸಕ್ಕರಿ ಕಮ್ಮಿ!"

"ನಿಮಗೆ ಕನ್ನಡ ಬರುತ್ತದೆಯೆ?" ಎಂದೆ, ಮೋಸಹೋದವನ ದನಿಯಲ್ಲಿ.

"ಮನ್ಯಾಗ ಅದೇ ಮಾತಾಡೂದ್ರಿ. ನೀವು ಮರಾಠಿ ಮಂದಿ ಅಂತ ನಾ ಸುಮ್ಮನಿದ್ದೆ. ಆದ್ರ ಪಾಪ, ಮರಾಠಿ ಮನಷ್ಯಾ, ಮರಾಠಿ ಯಾಕ ಹಿಂಗ ಎಡವ್ಲಿಕತ್ತಾನ ಅಂತ ವಿಚಾರ ಮಾಡ್ತಿದ್ದೆ."

ಎಲ್ಲಿಂದ, ಎಲ್ಲಿಗೆ, ಯಾಕೆ ಎಂಬ ವಿಚಾರಣೆ ನಡೆಯಿತು. ನಮ್ಮ ಕಡೆ ಅಪರಿಚಿತರನ್ನು ಇಷ್ಟೊಂದು ಕೇಳುವುದಕ್ಕೆ ಸಂಕೋಚಪಡುತ್ತಾರೆ. ಇಲ್ಲಿ ಕೇಳದಿದ್ದರೆ ಅವಮಾನ. ಚದುರಂಗ ಎಂದೆ. ಅರ್ಥವಾಗಲಿಲ್ಲ. ಬುದ್ಧಿಬಳ ಎಂದೆ. ಮುಖ ಅರಳಿತು.

"ಬುದ್ಧಿಬಳಾ! ಅದಕ್ಕ ಇಷ್ಟ್ ದೂರ ಬಂದೀರಾ? ನಿಮ್ಮ ಊರಾಗ ಆಡೂ ಮಂದಿ ಇಲ್ಲೇನ್ರಿ?"

"ಇದ್ದಾರೆ."

"ಮತ್ತ?"

"ಅವರೆಲ್ಲ ನನ್ನನ್ನು ಸೋಲಿಸಿ ಆಗಿದೆ."

ಆತ ಇದನ್ನು ಹೆಂಡತಿಗೆ ತಮ್ಮ ಕಡೆಯ ಕನ್ನಡಕ್ಕೆ ಅನುವಾದಿಸಿ ಹೇಳಿದ. ಆಕೆ ನನ್ನ ಚಹಾಕ್ಕೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದಳು. ಮರುಕ ಎಂಬುದಕ್ಕೆ ಭಾಷೆಯ ಗಡಿಯಿಲ್ಲ.

ನಿಲಂಗಾ ಬಸ್ಸಿನಲ್ಲಿ

ಉಮರ್ಗಾ ಬಿಟ್ಟ ಸ್ವಲ್ಪ ಹೊತ್ತಿಗೆ ನನ್ನ ಚೀಲ ಕೀಂ ಕೀಂ ಎನ್ನತೊಡಗಿತು. ಒಳಗಿದ್ದ ಚದುರಂಗದ ಗಡಿಯಾರದ ಗುಂಡಿ ಎಲ್ಲಿಯೋ ಒತ್ತಿಹೋಗಿತ್ತು. ಮೊದಲು ಮುಂದಿನ ಸೀಟಿನವರು ತಿರುಗಿದರು, ಆಮೇಲೆ ಹಿಂದಿನವರು ಎದ್ದುನಿಂತರು. ಕಂಡಕ್ಟರ್ ಸೀಟಿಯೂದಿ ಬಸ್ಸು ನಿಲ್ಲಿಸಿ, ನಾಲ್ಕು ಹೆಜ್ಜೆ ದೂರದಿಂದಲೇ "ತ್ಯಾತ ಕಾಯ ಆಹೇ?" ಎಂದ. ಅದರಲ್ಲಿ ಏನಿದೆ ಎಂಬ ಆ ಪ್ರಶ್ನೆಯನ್ನು ಆತ ಕೇಳಿದ ರೀತಿಗೆ ಬಾಗಿಲ ಬಳಿಯಿದ್ದ ಇಬ್ಬರು ಇಳಿದೇಬಿಟ್ಟರು.

ಗಡಿಯಾರವನ್ನು ಹೊರಗೆ ತೆಗೆದು, ತಲೆಯ ಮೇಲೆತ್ತಿ, ಎಲ್ಲರಿಗೂ ತೋರಿಸಿ, ಅದರ ಉಪಯೋಗವನ್ನು ವಿವರಿಸಿದೆ. ಇಬ್ಬರು ಆಟಗಾರರಿಗೂ ಇಂತಿಷ್ಟು ವೇಳೆ. ಅದು ಮುಗಿದರೆ ಆಟ ಹೇಗೇ ಇರಲಿ, ಸೋತಂತೆ. ಬಸ್ಸು ಮತ್ತೆ ಹೊರಟಿತು. ಇಳಿದವರಿಬ್ಬರೂ ನಗುತ್ತ ಹತ್ತಿದರು. ಆದರೆ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಕುರಿ ಸಾಕುವ ಮುದುಕರಿಗೆ ಸಮಾಧಾನವಾಗಲಿಲ್ಲ. ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಸಿನವಿತ್ತು. ಬಹಳ ಹೊತ್ತು ಯೋಚಿಸಿ ಕೇಳಿದರು.

"ವಿಚಾರ ಮಾಡ್ಲಿಕ್ಕ ವ್ಯಾಳ್ಯಾ ಕೊಡಲಾರದ್ದು ಅದೆಂಥಾ ಬುದ್ಧಿಬಳರೀ?"

ಉತ್ತರಕ್ಕಾಗಿ ನಾನು ನಿಲಂಗಾದವರೆಗೂ ಯೋಚಿಸಿದೆ. ನನ್ನ ವೇಳೆ ಮುಗಿಯಿತು.

ನಿಲಂಗಾ

ಅಂದು ರಾತ್ರಿ ನಿಲಂಗಾದಲ್ಲಿ ಇಳಿದುಕೊಳ್ಳುವ ಏರ್ಪಾಟು ಮಾಡಿದ್ದವನು ಪ್ರಶಾಂತ. ಪಂದ್ಯಾವಳಿಯ ಕಾರ್ಯದರ್ಶಿ, ಉದಗೀರದ ತರುಣ ವಕೀಲ, ನನಗೆ ಫೋನಿನಲ್ಲಿ ಮಾತ್ರ ಪರಿಚಯ. ತನ್ನ ಮಾವನ ತಂಗಿಯ ಮನೆಗೆ ಹೋಗಿ ಎಂದಿದ್ದ. ಆ ತಂಗಿಯ ಹೆಸರು ಮಹಾನಂದಾಬಾಯಿ. ಬಟ್ಟೆ ವ್ಯಾಪಾರದ ಶರಣರ ಮನೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮಾತಿನಲ್ಲಿ ಮೂರು ಪಟ್ಟು ಖಾರ. ಯಜಮಾನರು ದಿನವಿಡೀ ಗಿರಾಕಿಗಳೊಂದಿಗೆ ಮಾತಾಡಿ ಮುಗಿಸಿಬಿಡುವುದರಿಂದ ಮನೆಯಲ್ಲಿ ಬರೀ ತಲೆಯಾಡಿಸುತ್ತಾರೆ.

"ಬರ್ರಿ ಪಾವಣ್ಯಾರ, ಕೈಕಾಲ ತೊಳ್ಕೋರಿ," ಎಂದು ಬರಮಾಡಿಕೊಂಡ ಆಕೆ, ಅತಿಥಿ ಒರೆಸಿಕೊಳ್ಳುವುದರೊಳಗೆ ಚೌಕಳಿ ಹೊಲಿದ ಒಂದು ಕೆಂಪು ಬಟ್ಟೆಯನ್ನು ಪಡಸಾಲೆಯಲ್ಲಿ ಹಾಸಿಬಿಟ್ಟರು. ಮೇಲೆ ಮರದ ಕಾಯಿಗಳನ್ನು ಸುರಿದರು. "ರೊಟ್ಟಿ ಆಗೂತನಾ ಒಂದ್ ಆಟ ಹಚ್ಚೋಣ. ನಮ್ಮ ಕಾಯದಾದಾಗ ಆಡ್ತೀರಿಲ್ಲೋ?"

ಅವರ ಕಾಯದೆ ಎಂದರೆ ಊರ ಹಳೆಯ ಕಾಯದೆ. ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಓಡುವಂತಿಲ್ಲ, ಒಂದೊಂದೇ ಹೆಜ್ಜೆ. ರಾಜನಿಗೆ ನಮ್ಮ ಹಾಗೆ ಆನೆಯ ಪಕ್ಕ ಕೋಟೆ ಕಟ್ಟಿಕೊಂಡು ಕೂರುವ ಸೌಕರ್ಯವಿಲ್ಲ. ಬದಲಿಗೆ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು.

"ರಾಜ ಕುದುರೆಯಂತೆ ನೆಗೆಯುವುದೆ?" ಎಂದೆ, ಶಾಸ್ತ್ರಕ್ಕೆ ಅಪಚಾರವಾದವನಂತೆ.

"ಮನಿಗಿ ಬೆಂಕಿ ಬಿದ್ರ ರಾಜಾ ಆದ್ರೂ ಜಿಗೀತಾನ್ರಿ. ನಿಮ್ಮ ಊರಾಗ ಏನ್, ಪಲ್ಲಕ್ಕಿ ಬರೂತನಾ ಕುಂಡರ್ತಾನ?"

ಯಜಮಾನರು ತಲೆಯಾಡಿಸಿದರು. ಜೋಳದ ರೊಟ್ಟಿಯ ತಪತಪ ಸದ್ದು ಒಳಗೆ ಸೊಸೆಯ ಕೈಯಿಂದ ಬರುತ್ತಿರುವಂತೆಯೇ ನನ್ನ ಸೈನ್ಯ ಕರಗಿತು. ಕೊನೆಗೆ ನನ್ನ ಬಳಿ ರಾಜ ಮತ್ತು ಒಂದು ಒಂಟೆ ಉಳಿದವು. ಆಕೆಯ ಬಳಿ ಅರ್ಧ ಸಂತೆಯೇ ಇತ್ತು. ಇನ್ನೆರಡು ನಡೆಯಲ್ಲಿ ನನ್ನ ರಾಜನ ಕಥೆ ಮುಗಿಸಬಹುದಿತ್ತು. ಆಕೆ ಹಾಗೆ ಮಾಡದೆ ನನ್ನ ಒಂಟೆಯನ್ನು ಹೊಡೆದು, "ಬುರ್ಜಿ! ಬರೋಬರ್!" ಎಂದು ಸಾರಿ, ತಮ್ಮ ರಾಜನನ್ನೂ ನನ್ನ ರಾಜನನ್ನೂ ಬಟ್ಟೆಯ ಮೇಲೆ ಅಕ್ಕಪಕ್ಕ ಮಲಗಿಸಿದರು.

ಎದುರಾಳಿಯ ಕೊನೆಯ ಕಾಯಿಯನ್ನೂ ಹೊಡೆದು ರಾಜನನ್ನು ಒಬ್ಬಂಟಿ ಮಾಡಿದರೆ ಅದು ಬುರ್ಜಿ. ಆಟ ಸರಿಸಮ.

"ಮೈಮ್ಯಾಲ ಅರಿವಿ ಇಲ್ಲದಾವನ ಬೆನ್ನ ಹತ್ತಬಾರ್ದ್ರಿ. ಗೆಲ್ಲೂದಿದ್ರ ಅವನ ಒಂದಾದ್ರೂ ಕಾಯಿ ಜೀವಂತ ಇಟ್ಟು ಗೆಲ್ಲಬೇಕು."

"ನನ್ನ ಒಂಟೆಯನ್ನು ಬಿಟ್ಟು ಗೆಲ್ಲಬಹುದಿತ್ತಲ್ಲ, ತಾಯಿ?"

"ಗೆಲ್ಲಬಹುದಿತ್ತು. ಆದ್ರ ಪಾವಣ್ಯಾರದು ಇನ್ನ ಊಟಾ ಆಗಿಲ್ಲ. ಸೋತು ಉಂಡ್ರ ಪಚನ ಆಗೂದಿಲ್ಲ."

ಉಣ್ಣುವಾಗ ಅವರ ಅಣ್ಣನ ಕಥೆ ಹೊರಬಿತ್ತು. ಉದಗೀರದ ಕಾಳಿನ ವ್ಯಾಪಾರಿ ಮನ್ಮಥಪ್ಪ. (ನಮ್ಮ ಊರಿನಲ್ಲಿ ಈ ಹೆಸರಿಟ್ಟುಕೊಂಡು ಬೀದಿಯಲ್ಲಿ ಓಡಾಡಲು ಧೈರ್ಯ ಬೇಕು. ಇಲ್ಲಿ ಅದು ಒಬ್ಬ ಸಂತರ ಹೆಸರು, ಪರಮ ಭಕ್ತಿಯದು, ನಾನು ನಕ್ಕದ್ದಕ್ಕೆ ಯಜಮಾನರು ಮೊದಲ ಬಾರಿಗೆ ತಲೆಯಾಡಿಸಲಿಲ್ಲ.) ಊರ ವಾಚನಾಲಯದಲ್ಲಿ ಕಿಟಕಿಯ ಪಕ್ಕ ಒಂದು ಮೇಜಿದೆ. ಸಂತೆಯ ಹರಾಜು ಮುಗಿದ ಮೇಲೆ ಮನ್ಮಥಪ್ಪ ಮತ್ತು ನಾಲ್ಕಾರು ಹಿರಿಯರು ಅಲ್ಲಿ ಹಳೆಯ ಕಾಯದೆಯ ಆಟ ಆಡುತ್ತಾರೆ. ಈಗ ವಾಚನಾಲಯದ ಆಟದ ವಿಭಾಗ ಅಳಿಯ ಪ್ರಶಾಂತನ ಕೈಗೆ ಬಂದಿದೆ. ಅವನು ಮಕ್ಕಳಿಗೆ ಹೊಸ ಕಾಯದೆ ಕಲಿಸುತ್ತಾನೆ. ಮಕ್ಕಳು ಕಿಟಕಿಯ ಕಡೆ ನೋಡಿ ಹಳೆಯದನ್ನು ಕಲಿಯುತ್ತವೆ, ಜಿಲ್ಲಾ ಪಂದ್ಯಕ್ಕೆ ಹೋಗಿ ರಾಜನನ್ನು ನೆಗೆಸಿ ಸೋತು ಬರುತ್ತವೆ. ಆದ್ದರಿಂದ ಆ ಮೇಜು ಗೋದಾಮಿಗೆ ಹೋಗಬೇಕು ಎಂದು ಅಳಿಯನ ವಾದ.

"ಮಾವಾ ಅಳಿಯಾ ಜಗಳಾಡಿ ಕಡೀಕ ಒಂದ್ ರಾಜಿ ಆದ್ರು," ಎಂದರು ಮಹಾನಂದಾಬಾಯಿ. "ಈ ಸರ್ತಿ ಪಂದ್ಯದಾಗ ಅಣ್ಣಾ ತನಗಿಂತ ಮ್ಯಾಲಿನ ಒಬ್ಬರ ಕಡಿಂದ ಬರೋಬರ್ ಮಾಡಿ ಅರ್ಧಾ ಅಂಕ ಆದ್ರೂ ತಗೊಂಡ್ರ ಮೇಜು ಉಳೀತದ. ಇಲ್ಲಂದ್ರ ಗೋದಾಮು."

"ನಿಮ್ಮ ಅಣ್ಣನ ರೇಟಿಂಗ್ ಎಷ್ಟು?"

"ಅಳಿಯಾ ಹೇಳ್ತಾನ, ಏಣಿದು ಎಲ್ಲಾಕಿಂತ ಕೆಳಗಿನ ಮೆಟ್ಟಲಾ ಅಂತ. ಇನ್ನೊಂದ್ ಸ್ವಲ್ಪ ಇಳದ್ರ ನೆಲಾನೇ." ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು. "ನೀವು ನಗಬ್ಯಾಡ್ರಿ. ಮೇಜು ಹೋದ್ರ ಅಂವಾ ಮಧ್ಯಾಹ್ನ ಎಲ್ಲಾ ಮನ್ಯಾಗ ಕುಂಡರ್ತಾನ. ನಮ್ಮ ವೈನಿ, ಅಣ್ಣನ ಹೆಣ್ತಿ, ಅದಕ್ಕ ಸೋಮವಾರ ಉಪಾಸ ಹಿಡದಾಳ, ಮೇಜು ಉಳೀಲಿ ಅಂತ."

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಆ ಊರಿನ ಹೆಸರನ್ನೇ ಹೊತ್ತ ಖಾರದ ಅನ್ನ ತಿಂದು ಹೊರಟೆ. ನಾವು ದಾವಣಗೆರೆಯವರು ಬೆಳಿಗ್ಗೆ ದೋಸೆಗೆ ಬೆಣ್ಣೆ ಹಾಕಿ ದೇಹವನ್ನು ಸಂತೈಸುತ್ತೇವೆ. ನಿಲಂಗಾದವರು ಅದನ್ನು ಎಚ್ಚರಿಸುತ್ತಾರೆ. ದೇವಣಿಯ ಹತ್ತಿರ ಒಂದು ಹೋರಿ ರಸ್ತೆಯ ನಡುವೆ ನಿಂತಿತ್ತು. ಬಿಳಿ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಜೋಲುಗಿವಿ, ಆ ತಳಿಗೇ ಊರಿನ ಹೆಸರು. ಡ್ರೈವರ್ ಹಾರ್ನ್ ಒತ್ತಲಿಲ್ಲ. ಎಂಜಿನ್ ನಿಲ್ಲಿಸಿ, "ಕೇವಢಾ ದೇಖಣಾ!" ಎಂದು ಅದರ ಚೆಲುವನ್ನು ಹೊಗಳುತ್ತ ಕಾದ. ಹೋರಿ ತನಗೆ ಬೇಕಾದಷ್ಟು ವೇಳೆ ತೆಗೆದುಕೊಂಡಿತು. ಅದಕ್ಕೆ ಯಾರೂ ಗಡಿಯಾರ ಇಟ್ಟಿರಲಿಲ್ಲ.

ಉದಗೀರ: ಸೋಲುಗಳು

ಉದಗೀರದ ಕೋಟೆಯ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ನೋಡಲಾಗಲಿಲ್ಲ. ಎರಡೂ ದಿನ ವಾಚನಾಲಯದ ಹಜಾರದಲ್ಲಿ ಸೋಲುವ ಕೆಲಸವಿತ್ತು. ಮೊದಲು ಎರಡು ಜಡೆಯ ಒಬ್ಬ ಹುಡುಗಿಗೆ ಸೋತೆ. ಆಕೆ ಆಟದುದ್ದಕ್ಕೂ ಶೇಂಗಾ ಚಿಕ್ಕಿ ತಿನ್ನುತ್ತಿದ್ದಳು, ನನ್ನ ಮಂತ್ರಿಯನ್ನು ಹೊಡೆಯುವಾಗ ಮಾತ್ರ ಬೆರಳು ಒರೆಸಿಕೊಂಡಳು. ಉಳಿದ ಸೋಲುಗಳಲ್ಲಿ ಇಂಥ ವಿಶೇಷವೇನಿಲ್ಲ.

ಇಂಥ ಪಂದ್ಯಾವಳಿಗಳಲ್ಲಿ ಸೋತವರನ್ನು ಸೋತವರ ಜೊತೆಗೇ ಕೂಡಿಸುತ್ತ ಹೋಗುತ್ತಾರೆ. ನಾನು ಮೇಜಿನಿಂದ ಮೇಜಿಗೆ ಹಿಂದೆ ಸರಿದು, ಕೊನೆಯ ಸುತ್ತಿನ ಹೊತ್ತಿಗೆ ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ತಲುಪಿದೆ. ಅದಕ್ಕಿಂತ ಹಿಂದೆ ಬೀದಿಯಿತ್ತು. ಎದುರಿಗೆ ಬಿಳಿ ಧೋತರ, ಬಿಳಿ ಟೋಪಿ, ಮಡಿಚಿದ ಕೈಗಳ ಒಬ್ಬ ಹಿರಿಯರು ಕುಳಿತಿದ್ದರು. ಅವರೂ ಎರಡು ದಿನ ತಪ್ಪದೆ ಸೋತಿದ್ದರು.

"ಶರಣಾರ್ಥಿ. ನಾ ಮನ್ಮಥಪ್ಪ," ಎಂದರು. "ಮೊನ್ನಿ ನಿಲಂಗಾದಾಗ ಉಂಡೀರಂತ. ನಮ್ಮ ತಂಗಿ ಫೋನ್ ಮಾಡಿದ್ಳು. ನಿಮ್ಮ ಆಟಾ ಭಾಳ ಹೊಗಳಿದ್ಳು."

"ಏನೆಂದರು?"

"ಅಡಗಿ ಆಗೂದ್ರಾಗ ಮುಗೀತದ ಅಂದ್ಳು."

ಅಷ್ಟರಲ್ಲಿ ಪ್ರಶಾಂತ ಬಂದು ಮಾವನ ಕಿವಿಯ ಬಳಿ ಬಾಗಿದ. ಅಚ್ಚುಕಟ್ಟಾದ ಹುಡುಗ, ಮಾವನ ಮುಂದೆ ಮಾತ್ರ ಅವನ ವಕೀಲಿ ಕೈಕೊಡುತ್ತದೆ. "ಮಾವಾರ, ಇದು ಕಡೀ ಸುತ್ತ್ರಿ. ಇಲ್ಲಿ ಏನೂ ಆಗಲಿಲ್ಲಂದ್ರ..."

"ಗೊತ್ತದಪ್ಪ. ಗೋದಾಮಿನ ಕಿಲ್ಲಿ ನನ್ನ ಹತ್ರನೇ ಅದ."

ಕಿಟಕಿಯ ಹೊರಗೆ ಮೇಜಿನ ಹಿರಿಯರೆಲ್ಲ ಸರಳುಗಳಿಗೆ ಮುಖ ಒತ್ತಿ ನಿಂತಿದ್ದರು. ಲಾತೂರಿನಿಂದ ಬಂದಿದ್ದ ತೀರ್ಪುಗಾರ್ತಿ ಗಂಟೆ ಬಾರಿಸಿದರು.

ಉದಗೀರ: ಕೊನೆಯ ಸುತ್ತು

ನಮ್ಮಿಬ್ಬರ ನಡುವೆ ಸುಮಾರು ನಾಲ್ಕು ನೂರು ಅಂಕಗಳ ಅಂತರ. ಶಾಸ್ತ್ರಜ್ಞರ ಪ್ರಕಾರ ಇಂಥ ಆಟದ ಫಲಿತಾಂಶ ಹೆಚ್ಚುಕಡಿಮೆ ಮೊದಲೇ ನಿಶ್ಚಯವಾಗಿರುತ್ತದೆ, ಆಡುವುದು ಬರೀ ಸಭ್ಯತೆಗಾಗಿ. ನಾನು ಸಭ್ಯವಾಗಿ ಆಡತೊಡಗಿದೆ.

ಮನ್ಮಥಪ್ಪನವರು ಕಾಲಾಳುಗಳನ್ನು ಒಂದೊಂದೇ ಹೆಜ್ಜೆ ಇಡಿಸಿದರು. ಎರಡು ಹೆಜ್ಜೆಗೆ ಹೊಸ ಕಾಯದೆ ಅನುಮತಿ ಕೊಟ್ಟಿದ್ದರೂ ಅವರ ಕೈ ಅದನ್ನು ಸಾಲವೆಂದು ಭಾವಿಸಿದಂತಿತ್ತು. ನಡೆ ಮುಗಿಸಿ ಗಡಿಯಾರ ಒತ್ತುವುದನ್ನು ಮರೆಯುತ್ತಿದ್ದರು. ಅವರ ವೇಳೆ ಸುಮ್ಮನೆ ಹರಿದುಹೋಗುತ್ತಿತ್ತು. ಎರಡು ಸಲ ನೋಡಿಯೂ ನೋಡದಂತಿದ್ದೆ. ಮೂರನೆಯ ಸಲ ಕಿಟಕಿಯ ಸರಳುಗಳ ಹಿಂದಿನ ಅಷ್ಟೂ ಕಣ್ಣುಗಳು ನನ್ನ ಮೇಲೆ ನೆಟ್ಟಿದ್ದನ್ನು ಕಂಡು, ಕೆಮ್ಮಿ ಗಡಿಯಾರ ತೋರಿಸಿದೆ.

"ಉಪಕಾರ ಆಯ್ತ್ರಿ," ಎಂದು ಒತ್ತಿದರು.

ಅವರ ಸೈನ್ಯ ಕೋಟೆಗೋಡೆಯಂತೆ ಮುಚ್ಚಿಕೊಂಡು ಕುಳಿತಿತ್ತು. ಅದನ್ನು ಒಡೆಯಲು ನಾನೊಂದು ಒಂಟೆಯನ್ನು ಬಲಿಕೊಟ್ಟೆ. ಚದುರಂಗದಲ್ಲಿ ಬಲಿದಾನ ಬಹಳ ಘನವಾದ ವಿಷಯ, ಆದರೆ ಅದರ ಬೆನ್ನಿಗೆ ಏನಾದರೂ ಬರಬೇಕು. ನನ್ನದರ ಬೆನ್ನಿಗೆ ಏನೂ ಬರಲಿಲ್ಲ. ಹೊರಗಿನಿಂದ ಒಂದು ಹಿರಿಯ ದನಿ ಕೇಳಿತು: "ಒಂಟಿ ಫುಕಟ್ ಹೋತಲ್ಲೋ!" ಅವರ ಮೇಜಿನಲ್ಲಿ ನೋಡುವವರೂ ಎರಡೂ ಕಡೆಯವರಿಗೆ ಸಲಹೆ ಕೊಡುವುದು ಪದ್ಧತಿ. ತೀರ್ಪುಗಾರ್ತಿ ಹೋಗಿ ಕಿಟಕಿಯ ಒಂದು ಬಾಗಿಲು ಮುಚ್ಚಿದರು. ಮುಖಗಳೆಲ್ಲ ಇನ್ನೊಂದು ಬಾಗಿಲಿಗೆ ಸರಿದವು.

ಆಗ ನಾನು ಆನೆಯಿಂದ ಒತ್ತಿದೆ. ಮನ್ಮಥಪ್ಪನವರ ರಾಜನಿಗೆ ಮೂಲೆ ಇಕ್ಕಟ್ಟಾಯಿತು. ಅವರು ಒಂದು ಉಸಿರೆಳೆದು, ರಾಜನನ್ನೆತ್ತಿ, ಕುದುರೆಯಂತೆ ಠಣ್ಣನೆ ನೆಗೆಸಿ, ಗಡಿಯಾರವನ್ನೂ ಒತ್ತಿಬಿಟ್ಟರು.

ಹೊರಗೆ "ವ್ಹಾ!" ಎಂಬ ಉದ್ಗಾರ. ಒಳಗೆ ಪ್ರಶಾಂತ ಹಣೆ ಹಿಡಿದುಕೊಂಡ.

ತೀರ್ಪುಗಾರ್ತಿ ಬಂದರು. ರಾಜನನ್ನು ಸ್ವಸ್ಥಾನದಲ್ಲಿಟ್ಟರು. ಮರಾಠಿಯಲ್ಲಿ, ಪ್ರತಿ ಅಕ್ಷರ ಬಿಡಿಸಿ ಹೇಳಿದರು. ಇದು ಕಾನೂನುಬಾಹಿರ ನಡೆ, ಮೊದಲ ತಪ್ಪಿಗೆ ಎಚ್ಚರಿಕೆ, ಇನ್ನೊಮ್ಮೆ ಮಾಡಿದರೆ ಆಟವೇ ಹೋಗುತ್ತದೆ.

ಅಲ್ಲಿಂದ ಮುಂದೆ ಅವರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡೇ ಆಡಿದರು. ಕಳ್ಳನನ್ನು ಹಿಡಿದ ಪೊಲೀಸಿನವನಂತೆ, ಒಂದು ಕೈ ಇನ್ನೊಂದನ್ನು ಕಾಯಿಗಳ ಬಳಿ ಕರೆದುಕೊಂಡು ಹೋಗಿ ಮರಳಿ ತರುತ್ತಿತ್ತು. ರಾಜನಿಗೆ ಇಕ್ಕಟ್ಟಾದಾಗಲೆಲ್ಲ ಬಲಗೈ ಬಿಡಿಸಿಕೊಳ್ಳಲು ಜಗ್ಗುತ್ತಿತ್ತು. ಅದು ಇನ್ನೊಮ್ಮೆ ನೆಗೆಯಲಿ ಎಂದು ನಾನು ನಮ್ಮ ಕುಲದೇವರನ್ನು ನೆನೆದೆ. ದೇವರಿಗೆ ಮಹಾರಾಷ್ಟ್ರದಲ್ಲಿ ಅಧಿಕಾರವಿರಲಿಲ್ಲವೆಂದು ಕಾಣುತ್ತದೆ.

ಗೋಡೆ ಹಾಗೆಯೇ ಮುಂದೆ ಬಂತು. ಕಾಯಿಗೆ ಕಾಯಿ ಬಿದ್ದವು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರೆ ಹಲಗೆ ಹೊರಡುವ ದಿನದ ಛತ್ರದಂತೆ ಬರಿದಾಗಿತ್ತು. ಅವರ ಬಳಿ ರಾಜ, ಒಂದು ಆನೆ, ಎರಡು ಕಾಲಾಳು. ನನ್ನ ಬಳಿ ರಾಜ ಮತ್ತು ಒಂದು ಕುದುರೆ. ಆ ಕುದುರೆಯೂ ಅವರ ಆನೆಯ ಎದುರಿಗೇ ದಿಕ್ಕಿಲ್ಲದೆ ನಿಂತಿತ್ತು. ಹೊಸ ಕಾಯದೆಯಲ್ಲಿ ಇದಕ್ಕೆ ಒಂದೇ ಹೆಸರು, ನಾನು ಸೋತಿದ್ದೇನೆ. ಕುದುರೆಯನ್ನು ಹೊಡೆದು, ಆನೆಯಿಂದ ನನ್ನ ರಾಜನನ್ನು ಅಂಚಿಗೆ ಅಟ್ಟಿದರೆ ಮುಗಿಯಿತು. ಚಿಕ್ಕಿಯ ಹುಡುಗಿಯಾದರೆ ಬೆರಳು ಒರೆಸಿಕೊಳ್ಳುವ ಮೊದಲೇ ಮುಗಿಸುತ್ತಿದ್ದಳು.

ಮನ್ಮಥಪ್ಪನವರು ಕುದುರೆಯನ್ನು ನೋಡಿದರು. ಗಡಿಯಾರವನ್ನು ನೋಡಿದರು. ಅದರಲ್ಲಿ ಅವರ ಪಾಲಿನದು ಸ್ವಲ್ಪವೇ ಉಳಿದಿತ್ತು. ಕಿಟಕಿಯನ್ನು ನೋಡಿದರು. ಆಮೇಲೆ ಬಲಗೈಯನ್ನು ಬಿಡುಗಡೆ ಮಾಡಿ, ನನ್ನ ಕುದುರೆಯನ್ನು ಹೊಡೆದರು.

"ಬುರ್ಜಿ. ಬರೋಬರ್ ಆತ್ರಿ, ಪಾವಣ್ಯಾರ," ಎಂದರು.

ಹಾಗೆ ಹೇಳಿ, ತಮ್ಮ ರಾಜನನ್ನು ಮೃದುವಾಗಿ ಹಲಗೆಯ ಮೇಲೆ ಮಲಗಿಸಿದರು.

ಉದಗೀರ: ತಕರಾರು

ಆಡುವವರಿಗೆ ಗೊತ್ತಿದೆ, ಪಂದ್ಯದಲ್ಲಿ ತನ್ನ ರಾಜನನ್ನು ತಾನೇ ಮಲಗಿಸುವುದೆಂದರೆ ಶರಣಾಗತಿ. ತೀರ್ಪುಗಾರ್ತಿ ಹತ್ತಿರದಲ್ಲೇ ನಿಂತಿದ್ದರು. ಮಲಗಿದ ರಾಜನನ್ನು ಕಂಡು, ಗಡಿಯಾರ ನಿಲ್ಲಿಸಿ, ನನ್ನ ಕಡೆ ನೋಡಿ ಹೇಳಿದರು: "ಇವರು ಸೋಲೊಪ್ಪಿದ್ದಾರೆ. ಪೂರ್ಣ ಅಂಕ ನಿಮಗೆ."

ಪ್ರಶಾಂತ ಓಡಿಬಂದ. ಮೇಜನ್ನು ಗೋದಾಮಿಗೆ ಹಾಕಬೇಕೆಂದು ಹಟ ಹಿಡಿದವನೇ ಅವನು, ಆದರೆ ಮಾವ ಗೆದ್ದ ಆಟವನ್ನು ಕೈಯಾರೆ ಮಲಗಿಸುವುದನ್ನು ನೋಡಿ ಅವನಿಗೂ ನಿಲ್ಲಲಾಗಲಿಲ್ಲ. "ಮಾವಾರ, ಇದೇನ್ ಮಾಡಿದ್ರಿ!"

ನನ್ನ ಬಗ್ಗೆ ಹೇಳುವುದಾದರೆ, ಸತ್ಯವನ್ನೇ ಹೇಳುತ್ತೇನೆ: ಎರಡು ದಿನಗಳಲ್ಲಿ ದೊರೆತ ಮೊದಲ ಪೂರ್ಣ ಅಂಕದ ಸುಖವನ್ನು ಒಂದು ಗಳಿಗೆ ಅನುಭವಿಸಿದೆ. ಆಮೇಲೆ ಧರ್ಮ ನ್ಯಾಯ ಮುಂತಾದವು ನೆನಪಾದವು. ಕಿಟಕಿಯ ತುಂಬ ಸಾಕ್ಷಿಗಳಿದ್ದರೆ ಅವು ಬೇಗ ನೆನಪಾಗುತ್ತವೆ.

"ಇಲ್ಲ, ಸೋತವನು ನಾನು," ಎಂದೆ ಎದ್ದುನಿಂತು. "ಗೆಲುವು ಅವರದು."

ಇದರಿಂದ ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಮನ್ಮಥಪ್ಪನವರು.

"ಯಾರ್ ಹೇಳಿದ್ರು ನೀವು ಸೋತೀರಂತ? ನನ್ನ ಕಣ್ಣ ಮುಂದ ಕುಂತು ಸುಳ್ಳ ಹೇಳ್ತೀರಲ್ಲ! ಬುರ್ಜಿ ಅಂದ್ರ ಬುರ್ಜಿ. ಸರಿಸಮ."

"ಅಯ್ಯಾ, ಈ ಕಾಯದೆಯಲ್ಲಿ ಬುರ್ಜಿ ಎಂಬುದಿಲ್ಲ. ನಿಮ್ಮ ಆನೆ..."

"ಆನಿ ನಂದು. ಅದ್ರ ಚಿಂತಿ ನಿಮಗ್ಯಾಕ?"

ನಾನು ಎಷ್ಟೋ ಪಂದ್ಯಗಳಲ್ಲಿ ಜಗಳ ಕಂಡಿದ್ದೇನೆ. ಇಬ್ಬರೂ ಗೆದ್ದೆನೆಂದು ಕೂಗುವುದು ಲೋಕರೂಢಿ. ಇಲ್ಲಿ ನಾನು ಸೋತೆನೆಂದು ಕೂಗುತ್ತಿದ್ದೆ, ಅವರು ಗೆದ್ದಿಲ್ಲವೆಂದು ಕೂಗುತ್ತಿದ್ದರು, ತೀರ್ಪುಗಾರ್ತಿ ಒಬ್ಬರೇ ನಾನು ಗೆದ್ದೆನೆಂದು ನಂಬಿದ್ದರು. ಒಂದೇ ಆಟಕ್ಕೆ ಮೂರು ಫಲಿತಾಂಶ. ನೀರು ಕುಡಿಯಲು ಬಂದವರು ಲೋಟ ಹಿಡಿದು ಅಲ್ಲೇ ನಿಂತರು.

ತೀರ್ಪುಗಾರ್ತಿ ಕೈಯೆತ್ತಿದರು. ಮನ್ಮಥಪ್ಪನವರನ್ನು ಕೇಳಿದರು: "ರಾಜನನ್ನು ಮಲಗಿಸುವ ಮೊದಲು ಏನೋ ಅಂದಿರಲ್ಲ, ಏನದು?"

"ಬುರ್ಜಿ ಅಂದೆ. ಬರೋಬರ್ ಅಂದೆ."

"ಬುರ್ಜಿ ಎಂದರೆ?"

"ಬರೋಬರ್!" ಎಂದು ಕಿಟಕಿಯಿಂದ ಒಕ್ಕೊರಲಿನ ಉತ್ತರ ಬಂತು. ಅವರು ಅತ್ತ ತಿರುಗದೆ ಪ್ರೇಕ್ಷಕರು ಸುಮ್ಮನಿರಬೇಕೆಂದರು. ಆಮೇಲೆ ಕಣ್ಣು ಮುಚ್ಚಿ ಎರಡು ನಿಮಿಷ ಯೋಚಿಸಿದರು. ಅಷ್ಟು ಹೊತ್ತೂ ಮನ್ಮಥಪ್ಪನವರ ಎಡಗೈ ಬಲಗೈಯನ್ನು ಮತ್ತೆ ಹಿಡಿದುಕೊಂಡಿತ್ತು.

"ಮಲಗಿಸುವ ಮೊದಲೇ ಸರಿಸಮ ಎಂದಿದ್ದಾರೆ," ಎಂದು ತೀರ್ಪುಗಾರ್ತಿ ನನ್ನ ಕಡೆ ತಿರುಗಿದರು. "ಎಂದರೆ ನಿಮ್ಮ ಮುಂದೆ ಡ್ರಾ ಇಟ್ಟಿದ್ದಾರೆ. ಒಪ್ಪುತ್ತೀರಾ?"

"ಆದರೆ ಹಲಗೆಯ ಸ್ಥಿತಿ ನೋಡಿದರೆ..."

"ಹಲಗೆಯ ಸ್ಥಿತಿ ನನಗೆ ಕಾಣುತ್ತಿದೆ. ಹೋ ಕೀ ನಾಹೀ?"

"ಹೋ," ಎಂದು ಒಪ್ಪಿದೆ. ಇಡೀ ಪ್ರವಾಸದಲ್ಲಿ ನಾನು ತಪ್ಪಿಲ್ಲದೆ ಆಡಿದ ಮರಾಠಿ ಮಾತು ಅದೊಂದೇ.

ಅರ್ಧ ನನಗೆ, ಅರ್ಧ ಅವರಿಗೆ. ಹೊರಗೆ ಯಾರೋ ಟೋಪಿ ಹಾರಿಸಿದರು. ಅದು ನೀರಿನ ಡ್ರಮ್ಮಿನಲ್ಲಿ ಬಿತ್ತು. ಮನ್ಮಥಪ್ಪನವರು ಕಿಸೆಯಿಂದ ಫೋನ್ ತೆಗೆದು ಮನೆಗೆ ಹಚ್ಚಿ, "ಹಲೋ, ಊಟಾ ಮಾಡ," ಎಂದಷ್ಟೇ ಹೇಳಿ ಇಟ್ಟರು. ಅಂದು ಸೋಮವಾರವೇ ಆಗಿತ್ತು.

ಪ್ರಶಾಂತ ಮಾವನ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತ. ಮಾತು ಕೊಟ್ಟಿದ್ದ, ಮೇಜು ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಬೇರೆಯೇ ಸಂಕಟ. "ಪೂರ್ತಿ ಅಂಕ ಇತ್ತಲ್ರಿ ಮಾವಾರ. ನಾ ಅದೇ ಆನಿಲೆ ಹೆಂಗ ರಾಜಾನ ಮಾತ್ ಮಾಡೂದು ಅಂತ ನಿಮಗ ಕಲಿಸಿದ್ದೆ. ಮರತ್ರೇನ್?"

"ಮರ್ತಿಲ್ಲಪ್ಪ. ಅಂಚಿಗಿ ಒತ್ತೂದು, ರಾಜಾನ ತಂದು ಎದುರಿಗಿ ನಿಲ್ಲಿಸೂದು. ನಾಲ್ಕ್ ಮಿನಿಟದ ಕೆಲಸ."

"ಮತ್ತ ಯಾಕ?"

ಮನ್ಮಥಪ್ಪನವರು ಟೋಪಿ ತೆಗೆದು ತಲೆ ಒರೆಸಿಕೊಂಡರು.

"ನಿಮ್ಮ ಕಾಯದಾಲೆ ಗೆದ್ದು ನಮ್ಮ ಮೇಜು ಉಳಿಸಿಕೊಂಡ್ರ, ನಾಳಿ ಆ ಮೇಜಿನ ಮ್ಯಾಲ ಯಾವ ಮಾರೀಲೆ ಬುರ್ಜಿ ಅನ್ಲಿ? ಅರ್ಧಾ ಸಾಕಿತ್ತು. ಅದನ್ನ ನಮ್ಮ ಕಾಯದಾನೇ ಕೊಡ್ತು."

ವಕೀಲ ಅಳಿಯ ಎದ್ದುಹೋಗಿ ಕಿಟಕಿಯ ಮುಚ್ಚಿದ ಬಾಗಿಲನ್ನು ತೆರೆದ.

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಿರಿಯರು ಒಳಗೆ ಬಂದು, ಉಳಿದ ಮೇಜಿನ ಸುತ್ತ ಕುಳಿತು, ಬಹುಮಾನ ವಿತರಣೆ ನಡೆಯುತ್ತಿರುವಾಗಲೇ ಅಲ್ಲಿ ದೊಡ್ಡ ಜಗಳ ಆರಂಭಿಸಿದರು. ಮನ್ಮಥಪ್ಪ ಬುರ್ಜಿ ಮಾಡಿದ್ದೇ ತಪ್ಪಂತೆ. ಕುದುರೆಯನ್ನು ಹೊಡೆಯದೆ ಬಿಟ್ಟು ಹಳೆಯ ಕಾಯದೆಯಲ್ಲಿಯೇ ಮಾತ್ ಮಾಡುವ ದಾರಿ ಇತ್ತಂತೆ, ಕಾಲಾಳಿನಿಂದಲೇ ಮಾಡಬಹುದಿತ್ತಂತೆ, ಇಷ್ಟು ವರ್ಷ ಆಡಿ ಇವನು ಕಲಿತದ್ದೇನಂತೆ. "ಏನ್ ಬ್ಯಾಳಿ ಮಾರ್ಲಿಕ್ಕ ಬಂದಿದ್ಯೋ?" ಎಂದು ಒಬ್ಬರು ಕೇಳಿದರು. ಮನ್ಮಥಪ್ಪನವರು ಹಲಗೆ ತರಿಸಿ, "ಹಚ್ರಿ, ತೋರಸ್ರಿ," ಎಂದರು. ಆನೆ ಇಲ್ಲಿತ್ತು, ಕಾಲಾಳುಗಳು ಇಲ್ಲಿದ್ದವು. ಕುದುರೆ ಎಲ್ಲಿತ್ತೆಂದು ತಕರಾರಾಯಿತು. ಕುದುರೆಯ ಮಾಲೀಕನೆಂದು ನನ್ನನ್ನು ಕರೆದರು.

ಎಲ್ಲರೂ ನನ್ನ ರಾಜನನ್ನು ನೋಡುತ್ತಿದ್ದರು. ನಾನು ಕುದುರೆಯನ್ನು ಆನೆಯ ದಾರಿಯಿಂದ ಒಂದೇ ಒಂದು ಮನೆ ಪಕ್ಕಕ್ಕೆ, ಅದರ ಹೊಡೆತಕ್ಕೆ ಸಿಗದಲ್ಲಿ ಇಟ್ಟೆ.

ಮನ್ಮಥಪ್ಪನವರು ಜಗಳದ ನಡುವೆಯೇ ಕೈಚಾಚಿ, ನನ್ನತ್ತ ತಿರುಗಿಯೂ ನೋಡದೆ, ಅದನ್ನು ಆನೆಯ ಎದುರಿನ ಅದರ ಮನೆಗೇ ಸರಿಸಿದರು.